‘ಟ್ಯಾಂಕ್ ಹೋಗಿದೆ ಮೇಡಂ’

ನೀರು ತುಂಬುವ ಹಬ್ಬದ ಸಂಜೆ ನಮ್ಮತ್ತೆ ಬಚ್ಚಲಿನಿಂದಲೇ ಕೂಗಿದರು: “ಇದೇನೇ ಇದು, ಉಗುರುಬೆಚ್ಚಗೂ ಇಲ್ವಲ್ಲೇ ನೀರು!” ಮರುದಿನ ನರಕ ಚತುರ್ದಶಿ, ಎಣ್ಣೆಸ್ನಾನ. ಬೆಳಗಿನ ಜಾವ ತಲೆಗೆ ಹರಳೆಣ್ಣೆ ಮೆತ್ತಿಕೊಂಡು ಕೂತ ಐದು ಜನಕ್ಕೆ ಗ್ಯಾಸ್ ಮೇಲೆ ಎರಡು ಪಾತ್ರೆ, ಬಕೆಟ್ಟಿನಲ್ಲೊಂದು ಹೀಟರ್ ರಾಡು. ನೀರು ಕಾಯಿಸಿದವಳು ನಾನು, ಎಲ್ಲರದೂ ಆದಮೇಲೆ ಮಿಂದವಳೂ ನಾನೇ.

ಅತ್ತೆ ತಿಪಟೂರು ಕಡೆಯವರು. ಅವರ ಕಾಲದ ಬಚ್ಚಲಲ್ಲಿ ಒಲೆ, ಒಲೆ ಮೇಲೆ ತಾಮ್ರದ ಹಂಡೆ, ಉರಿಗೆ ತೆಂಗಿನ ಮಟ್ಟೆ, ಸೋಗೆ, ಕರಟ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿದ ಹಂಡೆಯಲ್ಲಿ ಮುಖ ಕಾಣುತ್ತಿತ್ತಂತೆ. ನಾಗರಭಾವಿಯ ನಮ್ಮ 30x40 ಮನೆಯಲ್ಲಿ ಅವರು ಸ್ಟೀಲ್ ಬಕೆಟ್ಟಿಗೇ ಅರಿಶಿನ ಕುಂಕುಮ ಇಟ್ಟು ಸಮಾಧಾನ ಮಾಡಿಕೊಳ್ಳುತ್ತಾರೆ. ಹಂಡೆ ನೀರು ಕಾಯದಿದ್ದರೆ ಬಗ್ಗಿ ಒಲೆ ನೋಡಿದರೆ ಕಾರಣ ಗೊತ್ತಾಗುತ್ತಿತ್ತು. ನಮ್ಮ ಒಲೆ ಮೂರನೇ ಮಹಡಿಯ ಮೇಲಿದೆ, ಅದನ್ನು ಯಾರೂ ಬಗ್ಗಿ ನೋಡುವುದಿಲ್ಲ.

ನೀರು ಕಾಯಿಸುವ ನಮ್ಮ ಸೋಲಾರ್ 2010ರದ್ದು. ಬೆಂಗಳೂರಲ್ಲಿ ಆಗ ಹೊಸ ಮನೆ ಕಟ್ಟಿದವರೆಲ್ಲ ಹಾಕಿಸಿದ ಹಾಗೆ ನಾವೂ ಹಾಕಿಸಿದೆವು. ಸೋಲಾರ್ ಇಲ್ಲದಿದ್ದರೆ ಕರೆಂಟ್ ಕನೆಕ್ಷನ್ ಇಲ್ಲ ಅಂತ ನಿಯಮ ಬಂದು ಎರಡು ಮೂರು ವರ್ಷವಾಗಿತ್ತು. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ನಮ್ಮನೆಯವರಿಗೆ ಆ 50 ರೂಪಾಯಿ ಮೇಲೆ ಬಲು ಪ್ರೀತಿ. ನಿಜವಾದ ಉಳಿತಾಯ ಬೇರೆಯೇ ಇದೆ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.5 ಯೂನಿಟ್ ಕರೆಂಟ್ ಬೇಕು. ನಮ್ಮದು 200 ಲೀಟರಿನ ಟ್ಯಾಂಕು. ಬಿಸಿಲಿರುವ ದಿನ ಅಷ್ಟನ್ನೂ ಬಿಟ್ಟಿ ಕಾಯಿಸಿ ಕೊಡುತ್ತದೆ.

“ಮೋಡ ಕಣೇ, ಹಿಂಗಾರು” ಅಂದರು ನಮ್ಮನೆಯವರು, ಕರೆಂಟಿನಲ್ಲಿ ಕಾಯಿಸುವ ಬ್ಯಾಕಪ್ ಸ್ವಿಚ್ ಒತ್ತಿ ಸುಮ್ಮನಾದರು. ಆದರೆ ಹಬ್ಬದ ವಾರ ಪೂರ್ತಿ ಚುರುಕು ಬಿಸಿಲಿತ್ತು, ಹಪ್ಪಳ ಒಂದೇ ದಿನಕ್ಕೆ ಒಣಗಿತ್ತು. ಕಂಪನಿಗೆ ಫೋನ್ ಮಾಡಿದೆ.

ಬಂದ ಹುಡುಗನ ಮೊದಲ ಮಾತು, “ಸಾರ್ ಇಲ್ವಾ ಮೇಡಂ?” ಸಾರ್ ಇಲ್ಲ, ನಾನಿದ್ದೀನಿ ಅಂದೆ. ಟೆರೇಸಿಗೆ ಹೋದ, ಟ್ಯಾಂಕಿಗೆ ಎರಡು ಸಲ ಕುಟ್ಟಿದ, ಮೊಬೈಲಲ್ಲಿ ಫೋಟೋ ತೆಗೆದ. “ಟ್ಯಾಂಕ್ ಹೋಗಿದೆ ಮೇಡಂ. ಬೋರ್ ನೀರಲ್ವಾ, ಒಳಗೆಲ್ಲ ಉಪ್ಪು ಕಟ್ಟಿದೆ. ಇದರ ಪಾರ್ಟ್ಸ್ ಈಗ ಬರಲ್ಲ. ಟ್ಯೂಬಿಂದು ಹಾಕಿಸಿಬಿಡಿ, ಎಕ್ಸ್‌ಚೇಂಜ್ ಕಳೆದು 32 ಸಾವಿರ ಆಗುತ್ತೆ.” ಎಲ್ಲಾ ಸೇರಿ ಏಳು ನಿಮಿಷ. ಯಾವಾಗಿಂದ ಹೀಗೆ, ಯಾವ ನಲ್ಲಿಯಲ್ಲಿ ಹೀಗೆ ಅಂತ ಒಂದು ಮಾತು ಕೇಳಲಿಲ್ಲ.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಗಡಸು ನೀರು ಕಾದಷ್ಟೂ ಸುಣ್ಣ ಬಿಡುತ್ತದೆ, ಪ್ಯಾನಲ್ ಒಳಗಿನ ಸಣ್ಣ ತಾಮ್ರದ ಪೈಪುಗಳಲ್ಲಿ ಅದು ಪದರ ಪದರವಾಗಿ ಕೂರುತ್ತದೆ, ಹಾಗೆ ಕಟ್ಟಿಕೊಂಡ ಪ್ಯಾನಲ್ಲುಗಳು ನಮ್ಮ ರಸ್ತೆಯಲ್ಲೇ ಇವೆ. ಆದರೆ ಉಪ್ಪು ಕಟ್ಟುವುದು ವರ್ಷಗಟ್ಟಲೆ ನಡೆಯುವ ಕೆಲಸ. ಆಗಸ್ಟಿನಲ್ಲಿ ಕೈ ಸುಡುತ್ತಿದ್ದ ನೀರು ಅಕ್ಟೋಬರಿಗೆ ಉಗುರುಬೆಚ್ಚಗಾದರೆ ಬೇರೇನೋ ಆಗಿರಬೇಕು.

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಂಗಿಯ ಹತ್ತಿರ ಗೋಳು ತೋಡಿಕೊಂಡೆ. “ಗಾಳಿ ಸೇರಿರಬೇಕು ಅಕ್ಕಾ” ಅಂದಳು. ಅವರಲ್ಲಿ ಇಡೀ ಮನೆಯನ್ನೇ ಕಾಯಿಸಬೇಕಲ್ಲ. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ಕೋಣೆ ಕೋಣೆಯ ರೇಡಿಯೇಟರಿಗೆ ತಳ್ಳುತ್ತದೆ. ಮನೆ ತಣ್ಣಗಾದರೆ ಇವಳು ಮೊದಲು ಬಾಯ್ಲರಿನ ಪ್ರೆಶರ್ ತೋರಿಸುವ ಮುಳ್ಳು ನೋಡುತ್ತಾಳೆ. ಬಾಯ್ಲರ್ ಆರಿರುವಾಗ ಅದು 1ರಿಂದ 1.5 ಬಾರ್ ಒಳಗೆ ಇರಬೇಕು. ಆಮೇಲೆ ರೇಡಿಯೇಟರುಗಳನ್ನು ಮುಟ್ಟಿ ನೋಡುತ್ತಾಳೆ. ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಒಳಗೆ ಗಾಳಿ ಕೂತಿದೆ ಅಂತ. ಪುಟ್ಟ ಕೀಲಿಯಿಂದ ಮೂಲೆಯ ತಿರುಪು ಸಡಿಲಿಸಿದರೆ ಗಾಳಿ ಬುಸ್ ಅಂತ ಹೋಗಿ ನೀರು ತೊಟ್ಟಿಕ್ಕುತ್ತದೆ, ತಕ್ಷಣ ಬಿಗಿ ಮಾಡಿ, ಪ್ರೆಶರ್ ಇಳಿದಿದ್ದರೆ ನೀರು ತುಂಬಿಸುತ್ತಾಳೆ. ಇಷ್ಟಕ್ಕೆ ಅಲ್ಲಿ ಯಾರೂ ಮೆಕ್ಯಾನಿಕ್‌ಗೆ ಫೋನ್ ಮಾಡುವುದಿಲ್ಲವಂತೆ.

ನಮ್ಮಲ್ಲೂ ಟ್ಯಾಂಕ್ ತೊಳೆಸಿದ ಮಾರನೇ ದಿನ ಗಾಳಿ ಕಟ್ಟಿದ್ದುಂಟು. ಆಗ ನಲ್ಲಿ ಕೆಮ್ಮುತ್ತದೆ, ಉಗುಳುತ್ತದೆ, ಇಲ್ಲವೇ ಬರುವುದೇ ಇಲ್ಲ. ಈಗಿನ ನೀರು ಧಾರಾಳವಾಗಿ ಬರುತ್ತಿತ್ತು, ಬಿಸಿಯೊಂದೇ ಇರಲಿಲ್ಲ. ತಂಗಿಯ ರೋಗವಲ್ಲ ನಮ್ಮದು. ಆದರೂ ಅವಳ ಮುಟ್ಟಿ ನೋಡುವ ಬುದ್ಧಿ ಹಿಡಿಸಿತು.

ಮಾರನೇ ಶನಿವಾರ ಮಧ್ಯಾಹ್ನ ಮೂರೂವರೆಗೆ ಟೆರೇಸು ಹತ್ತಿದೆ. ಪ್ಯಾನಲ್ಲಿನ ಕೆಳಗಿನ ಪೈಪು ತಣ್ಣಗಿತ್ತು, ಮೇಲಿನದು ಮುಟ್ಟಲಾಗದಷ್ಟು ಬಿಸಿ. ಅದು ಹಾಗೇ ಇರಬೇಕು. ಕಾದ ನೀರು ಹಗುರ, ಮೇಲೇರಿ ಟ್ಯಾಂಕು ಸೇರುತ್ತದೆ. ಟ್ಯಾಂಕಿನ ತಳದ ತಣ್ಣೀರು ಅದರ ಜಾಗಕ್ಕೆ ಇಳಿಯುತ್ತದೆ. ಮೋಟಾರಿಲ್ಲ, ಸ್ವಿಚ್ಚಿಲ್ಲ. ಪ್ಯಾನಲ್ಲಿಗಿಂತ ಟ್ಯಾಂಕು ಎತ್ತರದಲ್ಲಿರುವುದೇ ಇದಕ್ಕಾಗಿ. ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪಿನ ಬುಡವನ್ನೂ ಬಟ್ಟೆ ಸುತ್ತಿಕೊಂಡೇ ಮುಟ್ಟಬೇಕಾಯಿತು. ಮೇಲೆ ನೀರು ಕಾಯುತ್ತಿದೆ, ಕೆಳಗೆ ಬರುವಷ್ಟರಲ್ಲಿ ತಣ್ಣಗಾಗುತ್ತಿದೆ. ಹಾಗಾದರೆ 32 ಸಾವಿರ ಯಾವುದಕ್ಕೆ?

ಅಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಗಾಳಿ ಹೋಗಲಿಕ್ಕೆ ಅಂತ ಒಂದು ಪೈಪು ತಣ್ಣೀರಿನ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಅದರ ಬಾಯಿಂದ ನೀರು ಬರಬಾರದು. ಅದರ ಕೆಳಗೆ ಅತ್ತೆ ಇಟ್ಟಿದ್ದ ದೊಡ್ಡಪತ್ರೆ ಕುಂಡವಿದೆ. ಎರಡು ತಿಂಗಳಿಂದ ಅದಕ್ಕೆ ಯಾರೂ ನೀರು ಹಾಕಿಲ್ಲ, ಮೊಣಕಾಲುದ್ದ ಬೆಳೆದು ಕುಂಡದಾಚೆ ಇಳಿಬಿದ್ದಿದೆ! ಸುತ್ತ ಪಾಚಿ ಬೇರೆ. ಯಾರೋ ಕೆಳಗಿನಿಂದ ನೀರನ್ನು ಮೇಲಕ್ಕೆ ತಳ್ಳುತ್ತಿದ್ದಾರೆ ಅನ್ನಿಸಿದ್ದು ಆಗಲೇ.

ಹಳೇ ಪ್ಲಂಬರೊಬ್ಬರಿಗೆ ಫೋನ್ ಹಚ್ಚಿದೆ. “ಸೋಲಾರಿಗೆ ಹೋಗೋ ತಣ್ಣೀರಿನ ವಾಲ್ವ್ ಬಂದ್ ಮಾಡಿ ಮೇಡಂ. ಅಡುಗೆಮನೆ ಬಿಸಿನೀರಿನ ನಲ್ಲಿ ಬಿಡಿ. ನಿಂತುಹೋದ್ರೆ ಲೈನ್ ಸರಿಯಿದೆ, ನಿಲ್ಲದಿದ್ರೆ ಬಿಸಿ ಲೈನಿಗೆ ತಣ್ಣೀರು ಎಲ್ಲೋ ಕೂಡಿಕೊಂಡಿದೆ.” ಟ್ಯಾಂಕಿನ ಬಿಸಿನೀರು ಹೊರಗೆ ಬರುವುದು ತಳದಿಂದ ತಣ್ಣೀರು ಒತ್ತಿದಾಗ. ಒತ್ತುವ ನೀರು ನಿಂತರೆ ಬರುವ ನೀರೂ ನಿಲ್ಲಬೇಕು. ವಾಲ್ವು ಹದಿನೈದು ವರ್ಷದಿಂದ ತಿರುಗಿರಲಿಲ್ಲ. ಅತ್ತೆ ಕೊಬ್ಬರಿ ಎಣ್ಣೆ ಕೊಟ್ಟರು, ಅರ್ಧ ಗಂಟೆ ಬಿಟ್ಟು ಕಿರ್ ಎಂದು ಜಗ್ಗಿತು. ನಲ್ಲಿ ಬಿಟ್ಟೆ. ಹತ್ತು ನಿಮಿಷವಾದರೂ ನೀರು ನಿಲ್ಲಲೇ ಇಲ್ಲ, ಅದೂ ತಣ್ಣಗೆ.

ಇನ್ನು ಮನೆಯ ಮಿಕ್ಸರ್ ನಲ್ಲಿಗಳನ್ನು ಹುಡುಕಬೇಕು. ಬಿಸಿ ಮತ್ತು ತಣ್ಣೀರಿನ ಪೈಪು ಒಟ್ಟಿಗೆ ಸೇರುವುದು ಮಿಕ್ಸರಿನಲ್ಲಿ ಮಾತ್ರ. ಒಂದೊಂದರ ಕೆಳಗಿನ ಆಂಗಲ್ ಕಾಕ್, ಅಂದರೆ ನೀರು ತಡೆಯುವ ಪುಟ್ಟ ವಾಲ್ವು, ಬಂದ್ ಮಾಡುತ್ತಾ ಬಂದೆ. ನಮ್ಮದೆರಡರಲ್ಲಿ ಏನೂ ಇಲ್ಲ. ಮೇಲಿನ ಬಾಡಿಗೆ ಮನೆಯ ಬಚ್ಚಲಲ್ಲಿ ಬಂದ್ ಮಾಡಿದ ತಕ್ಷಣ ಕೆಳಗಿನಿಂದ ಅತ್ತೆ, “ನಿಂತ್ಹೋಯ್ತು ಕಣೇ!”

ಬಾಡಿಗೆಯ ಹುಡುಗ, ಹುಡುಗಿ ಇಬ್ಬರೂ ಒಳ್ಳೆಯವರು, ಸೆಪ್ಟೆಂಬರಿನಲ್ಲಿ ಬಂದವರು. ನೀರಿನ ರಭಸ ಸಾಲದು ಅಂತ ನನ್ನನ್ನೇ ಕೇಳಿ ತಣ್ಣೀರಿನ ಲೈನಿಗೆ ಸಣ್ಣ ಪ್ರೆಶರ್ ಪಂಪು ಹಾಕಿಸಿಕೊಂಡಿದ್ದರು, ಜೊತೆಗೆ ಗುಂಡಿ ಒತ್ತಿದರೆ ನಿಲ್ಲುವ ಹ್ಯಾಂಡ್ ಶವರು. ಸ್ನಾನವಾದ ಮೇಲೆ ಗುಂಡಿ ಒತ್ತಿ ನೀರು ನಿಲ್ಲಿಸುತ್ತಿದ್ದರು, ಗೋಡೆಯ ಮಿಕ್ಸರ್ ತೆರೆದೇ ಇರುತ್ತಿತ್ತು. ಹೊರಗೆ ದಾರಿ ಸಿಗದ ತಣ್ಣೀರು ಮಿಕ್ಸರಿನೊಳಗೇ ದಾಟಿ ಬಿಸಿನೀರಿನ ಪೈಪು ಸೇರುತ್ತಿತ್ತು. ಪಂಪು ಓಡುವಾಗ ಸೋಲಾರ್ ಟ್ಯಾಂಕಿನ ತನಕ ಹಿಂದಕ್ಕೆ ಹತ್ತಿ ದೊಡ್ಡಪತ್ರೆಗೆ ಅಭಿಷೇಕ. ಪಂಪು ಓಡದಿದ್ದಾಗ, ನಾವು ಕೆಳಗೆ ನಲ್ಲಿ ಬಿಟ್ಟರೆ, ಅರ್ಧ ಬಿಸಿ ಅರ್ಧ ತಣ್ಣನೆಯದು.

“ಆಂಟಿ, ರಾತ್ರಿಯೆಲ್ಲ ಪಂಪ್ ತಾನೇ ಆನ್ ಆಗಿ ಆಫ್ ಆಗ್ತಿತ್ತು, ನಾವು ಕರೆಂಟ್ ಪ್ರಾಬ್ಲಂ ಅನ್ಕೊಂಡ್ವಿ” ಅಂದಳು ಹುಡುಗಿ. ಅದಾದ ಮೇಲೆ ಅವರು ಪಂಪನ್ನು ಸ್ನಾನದ ಹೊತ್ತಿಗೆ ಮಾತ್ರ ಹಾಕುತ್ತಿದ್ದರಂತೆ. ಅವಳು ಈ ಮಾತನ್ನು ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದ್ದರೆ, ನಾನು ನೀರಿನ ವಿಷಯ ಅವಳಿಗೆ ಹೇಳಿದ್ದರೆ, ಇಷ್ಟು ದೂರ ಬರುತ್ತಿರಲಿಲ್ಲ. ಒಂದೇ ಪೈಪಿನ ಎರಡು ತುದಿಯಲ್ಲಿದ್ದೆವು.

ಭಾನುವಾರ ಪ್ಲಂಬರ್ ಬಂದು ಅವರ ಬಿಸಿನೀರಿನ ಲೈನಿಗೆ ನೀರು ಒಂದೇ ಕಡೆಗೆ ಹೋಗುವಂಥ ನಾನ್ ರಿಟರ್ನ್ ವಾಲ್ವ್ ಹಾಕಿದರು. ಸಾಮಾನು, ಕೂಲಿ ಸೇರಿ 1,400 ರೂಪಾಯಿ. ತಣ್ಣೀರಿಗೊಂದು ಬಿಸಿನೀರಿಗೊಂದು ನಲ್ಲಿ, ಕೆಳಗೊಂದು ಬಕೆಟ್ಟು ಇದ್ದ ಕಾಲದಲ್ಲಿ ಈ ರಗಳೆಯೇ ಇರಲಿಲ್ಲ ಅಂದರು. ಅದು ನಿಜ. ಆದರೆ ಮಿಕ್ಸರ್ ಬೇಡ ಅಂತ ನಾನು ಹೇಳುವುದಿಲ್ಲ, ನನಗೂ ಶವರ್ ಬೇಕು. ನನ್ನ ಸಿಟ್ಟಿರುವುದು ಶೋರೂಮಿನಲ್ಲಿ ಹತ್ತು ಬಗೆಯ ಹೊಳಪು ತೋರಿಸಿ, ನಿಮ್ಮ ಬಿಸಿನೀರು ಎಲ್ಲಿಂದ ಬರುತ್ತೆ ಅಂತ ಒಬ್ಬರೂ ಕೇಳದಿರುವ ವ್ಯಾಪಾರದ ಮೇಲೆ, ಏಳು ನಿಮಿಷದಲ್ಲಿ ಟ್ಯಾಂಕಿಗೆ ತಿಥಿ ಮಾಡುವ ಸರ್ವೀಸಿನ ಮೇಲೆ. ಅರ್ಧ ಸಿಟ್ಟು ನಮ್ಮ ಮೇಲೂ ಇದೆ. ಮನೆ ಕಟ್ಟುವಾಗ ಟೈಲ್ಸಿನ ಬಣ್ಣಕ್ಕೆ ಮೂರು ದಿನ ಜಗಳವಾಡಿದೆವು. ಟೈಲ್ಸ್ ಮುಚ್ಚುವ ಮೊದಲು ಪೈಪುಗಳದ್ದೊಂದು ಫೋಟೋ ತೆಗೆದಿಡಲಿಲ್ಲ. ನಿಮ್ಮ ಮನೆ ಈಗ ಏಳುತ್ತಿದ್ದರೆ ಇವತ್ತೇ ಹೋಗಿ ತೆಗೆದುಕೊಳ್ಳಿ, ಗೋಡೆ ಪಕ್ಕ ಟೇಪು ಹಿಡಿದು. ಹಳೇ ಮನೆಯಾದರೆ ಟೆರೇಸಿನ ವಾಲ್ವುಗಳಿಗೆ ಬಣ್ಣದಲ್ಲಿ ಹೆಸರು ಬರೆಯಿರಿ, ಆರು ತಿಂಗಳಿಗೊಮ್ಮೆ ತಿರುಗಿಸಿ. ‘ಬದಲಾಯಿಸಿ’ ಅಂತ ಬಂದವರನ್ನು, ಯಾವ ಪೈಪು ಮುಟ್ಟಿ ನೋಡಿದಿರಿ ಅಂತ ಕೇಳಿ.

ಎಕ್ಸ್‌ಚೇಂಜ್ ಆಫರ್ ಈ ತಿಂಗಳ ಕೊನೆಗೆ ಮುಗಿಯುತ್ತಂತೆ, ದಿನ ಬಿಟ್ಟು ದಿನ ಫೋನ್ ಬರುತ್ತಿದೆ. ಈಗೀಗ ಅದನ್ನು ಅತ್ತೆ ಎತ್ತುತ್ತಾರೆ, “ಸಾರ್ ಇಲ್ಲ” ಅಂದು ಇಟ್ಟುಬಿಡುತ್ತಾರೆ. ದೊಡ್ಡಪತ್ರೆ ಬಾಡತೊಡಗಿದೆ, ಸಂಜೆ ಒಂದು ಚೊಂಬು ನೀರು ಹಾಕುವ ಪಾಳಿ ನನಗೆ ಬಂದಿದೆ.