ಸಮುದ್ರಕ್ಕೆ ಒಂದೇ ನೀಲಿ ಬಳಿಯಬೇಡಿ

ತುಮಕೂರಿನ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇವತ್ತು ಜೆಲ್ಲಿ ಮೀನಿನ ಚಾರ್ಟ್ ಇತ್ತು. ಮಕ್ಕಳು ಶ್ರದ್ಧೆಯಿಂದ ಮಾಡಿದ್ದರು. ಆದರೆ ಥರ್ಮಾಕೋಲ್ ತುಂಬ ಒಂದೇ ನೀಲಿ, ಅದರ ಮೇಲೆ ಎಲ್ಲೆಂದರಲ್ಲಿ ಅಂಟಿಸಿದ ಜೆಲ್ಲಿ ಮೀನು, ಕೆಳಗೆ ಒಂದೇ ಸಾಲು: ‘ಸಮುದ್ರ ಬಿಸಿಯಾಗಿರುವುದರಿಂದ ಇವು ಎಲ್ಲ ಕಡೆ ಹೆಚ್ಚಾಗಿವೆ’. ಮಕ್ಕಳ ಮೇಲೆ ಎಳ್ಳಷ್ಟೂ ಕೋಪವಿಲ್ಲ. ಹಾಗೆ ಬರೆಸಿದ ದೊಡ್ಡವರ ಮೇಲಿದೆ. ಕಡಲು ನೋಡಲು ಇನ್ನೂರು ಮುನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕಾದ ಮಕ್ಕಳಿಗೆ ಕಡಲಿನ ಬಗ್ಗೆ ನಾವು ಕೊಡುವ ಮೊದಲ ಚಿತ್ರವೇ ತಪ್ಪಾದರೆ ಹೇಗೆ?

‘ಎಲ್ಲ ಕಡೆ’ ಇರುವ ಜೆಲ್ಲಿ ಮೀನು ಅಂತ ಒಂದಿಲ್ಲ. ಉಪ್ಪು, ತಂಪು, ಆಮ್ಲಜನಕ, ಪ್ರವಾಹ, ಗಾಳಿ, ಈ ಐದೂ ಜಾಗದಿಂದ ಜಾಗಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಪ್ರಾಣಿ ಎಲ್ಲಿರಬೇಕು ಅನ್ನುವುದನ್ನು ಬಹುಪಾಲು ಇವೇ ತೀರ್ಮಾನಿಸುತ್ತವೆ.

ಮೊದಲು ಗಾಳಿ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಮರಳಿನ ಮೇಲೆ ನೀಲಿ ನೀಲಿಯಾಗಿ ಬಿದ್ದಿರುತ್ತವಲ್ಲ, ಪಾರ್ಪಿಟಾ ಮತ್ತು ಬ್ಲೂ ಬಾಟಲ್ ಎನ್ನುವ ಫೈಸೇಲಿಯಾ, ಅವು ನಿಜವಾದ ಜೆಲ್ಲಿ ಮೀನುಗಳಲ್ಲ. ಸಣ್ಣ ಸಣ್ಣ ಜೀವಿಗಳು ಒಟ್ಟಾಗಿ ಒಂದೇ ಪ್ರಾಣಿಯಂತೆ ಕಾಣುವ ಕೂಟಗಳು. ಗಾಳಿ ತುಂಬಿದ ಅಂಗದಿಂದಾಗಿ ನೀರಿನ ಮೇಲ್ಮೈಯಲ್ಲೇ ತೇಲುತ್ತವೆ, ಕೆಳಗಿಳಿದು ತಪ್ಪಿಸಿಕೊಳ್ಳುವ ದಾರಿ ಅವಕ್ಕಿಲ್ಲ. ನೈರುತ್ಯ ಗಾಳಿ ದಡದ ಕಡೆ ಬೀಸಿದರೆ ದಡಕ್ಕೆ ಬರಲೇಬೇಕು. ತುಮಕೂರಿನ ಅಮಾನಿಕೆರೆಯಲ್ಲಿ ಗಾಳಿ ಬೀಸಿದ ಕಡೆಯ ಏರಿಗೆ ಅಂತರಗಂಗೆ ಕಳೆ ಹೋಗಿ ಒತ್ತಿಕೊಳ್ಳುವ ಹಾಗೆ. ಇನ್ನೊಂದು ವಿಷಯವಿದೆ. ಫೈಸೇಲಿಯಾದ ಹಾಯಿ ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ ವಾಲಿರುತ್ತದೆ. ಅದೇ ಗಾಳಿಗೆ ಎರಡು ಬಗೆಯವೂ ಬೇರೆ ಬೇರೆ ದಿಕ್ಕಿಗೆ ಸಾಗುತ್ತವೆ. ಹಾಗಾಗಿ ಒಂದೇ ಗುಂಪಿನಲ್ಲಿ ಅರ್ಧ ದಡ ಸೇರಿದರೂ ಉಳಿದರ್ಧ ಕಡಲಲ್ಲೇ ಉಳಿಯಬಹುದು. ‘ದಾಳಿ ಮಾಡಿದವು’ ಅಂತ ವಿಡಿಯೋ ಹಂಚುವವರು ಇದನ್ನೊಮ್ಮೆ ಯೋಚಿಸಲಿ.

‘ಆದರೆ ಅವು ಈಜುತ್ತವಲ್ಲ?’ ಎನ್ನುತ್ತೀರಿ. ಈಜುತ್ತವೆ, ಒಪ್ಪಿದೆ. ಬಾಕ್ಸ್ ಜೆಲ್ಲಿಗೆ 24 ಕಣ್ಣುಗಳಿವೆ, ಚೆನ್ನಾಗಿಯೇ ಈಜುತ್ತದೆ. ಆದರೆ ಚಂದ್ರನಂತೆ ದುಂಡಗಿರುವ ಆರೇಲಿಯಾದ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಕರಾವಳಿಯ ಪ್ರವಾಹ ಅದಕ್ಕಿಂತ ಹಲವು ಪಟ್ಟು ಜೋರು. ಅಡ್ಡಡ್ಡ ಈಜಿ ಗೆಲ್ಲಲಾರದು. ಅದು ಮಾಡಬಲ್ಲದ್ದು ಮೇಲೆ ಕೆಳಗೆ ಹೋಗುವುದು. ಮೇಲಿನ ಪದರ ಒಂದು ದಿಕ್ಕಿಗೆ, ಕೆಳಗಿನದು ಇನ್ನೊಂದು ದಿಕ್ಕಿಗೆ ಹರಿಯುವಾಗ ಕೆಲವು ಮೀಟರ್ ಇಳಿದರೂ ಸಾಕು, ಸೇರುವ ಊರೇ ಬೇರೆಯಾಗುತ್ತದೆ. ಒಂದೇ ನೀಲಿ ಬಳಿದ ಚಾರ್ಟಿನಲ್ಲಿ ಇದನ್ನು ತೋರಿಸುವುದು ಹೇಗೆ ಹೇಳಿ.

ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ನವೆಂಬರ್‌ನಿಂದ ಫೆಬ್ರುವರಿವರೆಗೆ ಉತ್ತರಕ್ಕೆ ಹರಿಯುತ್ತದೆ. ತುಮಕೂರು, ಚಿಕ್ಕಬಳ್ಳಾಪುರದಂಥ ಒಳನಾಡಿನ ಜಿಲ್ಲೆಗಳ ಮಕ್ಕಳಿಗೆ ಹೇಳಲೇಬೇಕಾದ ಸಂಗತಿ ಇಲ್ಲೇ ಇದೆ. ದೇವರಾಯನದುರ್ಗದ ಶಿಂಷಾ, ಜಯಮಂಗಲಿ, ನಂದಿ ಬೆಟ್ಟದ ಸೀಮೆಯ ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಎಲ್ಲದರ ದಾರಿಯೂ ಕೊನೆಗೆ ಬಂಗಾಳ ಕೊಲ್ಲಿಗೆ. ಗಂಗಾ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆಯರೂ ಅಲ್ಲಿಗೇ ಸುರಿಯುವುದರಿಂದ ಆ ಕಡಲಿನ ಮೇಲ್ಪದರದ ಉಪ್ಪು ಅರಬ್ಬಿ ಸಮುದ್ರಕ್ಕಿಂತ ಕಡಿಮೆ. ಚಳಿಗಾಲದಲ್ಲಿ ಆ ಸಪ್ಪೆ ನೀರಿನ ಒಂದು ಪಾಲು ಶ್ರೀಲಂಕಾವನ್ನು ಸುತ್ತಿ ನಮ್ಮ ಪಶ್ಚಿಮ ಕರಾವಳಿಯ ಕಡೆ ಹರಿಯುತ್ತದೆ. ತೇಲುವ ಪ್ರಾಣಿಗಳೂ ಇಂಥ ನೀರಿನ ಜೊತೆಗೇ ಊರು ಬದಲಿಸುತ್ತವೆ. ಜೆಲ್ಲಿ ಮೀನಿನ ಮೈಯಲ್ಲಿ ಸುಮಾರು ಶೇ 95 ನೀರೇ. ಮೈಯೊಳಗಿನ ಉಪ್ಪು ಹೊರಗಿನ ಉಪ್ಪಿಗೆ ತಕ್ಕಂತೆ ಏರಿಳಿಯುತ್ತದೆ. ಅದಕ್ಕೇ ನದಿ ಮುಖದಲ್ಲಿ ಮಳೆ ನೀರು ಮೇಲೆ ಹರಡಿದಾಗ ಅನೇಕ ಜಾತಿಗಳು ಅದರಡಿಯ ಉಪ್ಪು ನೀರಿಗೆ ಇಳಿದುಬಿಡುತ್ತವೆ. ಮೇಲೆ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಆಮ್ಲಜನಕದ ಮಾತು ಇನ್ನೂ ಮುಖ್ಯ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಪೋಷಕಾಂಶದಿಂದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿನ್ನುವ ಸಣ್ಣ ಪ್ರಾಣಿಗಳು ಹೆಚ್ಚುತ್ತವೆ, ಜೆಲ್ಲಿ ಮೀನಿಗೆ ಊಟ ಸಿಗುತ್ತದೆ. ಆಮ್ಲಜನಕ ಲೀಟರ್ ನೀರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳು ಉಸಿರು ಕಟ್ಟಿ ಜಾಗ ಖಾಲಿ ಮಾಡುತ್ತವೆ. ಎಷ್ಟೋ ಜೆಲ್ಲಿ ಮೀನುಗಳು ಮೈಯ ಲೋಳೆಯಲ್ಲೇ ಸ್ವಲ್ಪ ಆಮ್ಲಜನಕ ಉಳಿಸಿಕೊಂಡು ಅಲ್ಲೇ ತಡೆಯುತ್ತವೆ. ಪೈಪೋಟಿಯೂ ಇಲ್ಲ, ಊಟವೂ ಇದೆ. ಮೀನುಗಾರರ ಬಲೆಗೆ ಲೋಳೆಯೇ ತುಂಬುವುದಕ್ಕೆ ಇದೂ ಒಂದು ಕಾರಣ.

ಇನ್ನು ಆ ‘ಬಿಸಿ’. ಬಿಸಿ ಏರುತ್ತಿಲ್ಲ ಅಂತಲ್ಲ, ಏರುತ್ತಿದೆ. ಆದರೆ ಅದನ್ನೇ ಏಕೈಕ ಉತ್ತರ ಮಾಡುವುದನ್ನು ನಾನು ಒಪ್ಪಲಾರೆ. ಹೆಚ್ಚಿನ ಜೆಲ್ಲಿ ಮೀನುಗಳ ಬದುಕಿನ ಒಂದು ಭಾಗ ಕಲ್ಲು, ಚಿಪ್ಪು, ಜೆಟ್ಟಿಯ ಕಂಬಗಳಿಗೆ ಅಂಟಿಕೊಂಡ ಕೆಲವೇ ಮಿಲಿಮೀಟರ್ ಉದ್ದದ ಪಾಲಿಪ್ ಆಗಿ ಕಳೆಯುತ್ತದೆ. ತಂಪು ಸೀಮೆಯ ಆರೇಲಿಯಾದ ಪಾಲಿಪ್ ತಟ್ಟೆ ತಟ್ಟೆಯಾಗಿ ಕತ್ತರಿಸಿಕೊಂಡು ಮರಿ ಬಿಡಲು ನೀರು ತಣ್ಣಗಾಗಬೇಕು. ಕ್ಯಾಸಿಯೋಪಿಯಾ ಎಂಬ ಇನ್ನೊಂದು ಜೆಲ್ಲಿ ಮೀನಿಗೆ ನೀರು ಬೆಚ್ಚಗಾಗಬೇಕು. ಪೆಲಾಜಿಯಾ ಎಂಬ ಮತ್ತೊಂದಕ್ಕೆ ಪಾಲಿಪ್ ಹಂತವೇ ಇಲ್ಲ, ಅದಕ್ಕೇ ಅಂಟಿಕೊಳ್ಳಲು ಏನೂ ಇಲ್ಲದ ನಡುಗಡಲಲ್ಲೂ ಸಂಸಾರ ನಡೆಸುತ್ತದೆ. ಮೂರಕ್ಕೂ ಒಂದೇ ಸಾಲು ಬರೆದರೆ ಆಗುತ್ತದೆಯೇ?

ಹೆಚ್ಚಲು ಬೇರೆ ಕಾರಣಗಳೂ ಇವೆ. ನಮೀಬಿಯಾದ ಕಡಲಲ್ಲಿ ಸಾರ್ಡೀನ್ ಮೀನನ್ನು ಬಳಿದು ಹಿಡಿದ ಮೇಲೆ ಜೆಲ್ಲಿ ಮೀನು ಹೆಚ್ಚಿತು. 2006ರಲ್ಲಿ ಪ್ರಕಟವಾದ ಅಂದಾಜಿನಲ್ಲಿ ಜೆಲ್ಲಿ 122 ಲಕ್ಷ ಟನ್, ಮೀನು 36 ಲಕ್ಷ ಟನ್. ಕಪ್ಪು ಸಮುದ್ರಕ್ಕೆ 1980ರ ದಶಕದಲ್ಲಿ ನೆಮಿಯಾಪ್ಸಿಸ್ ಎಂಬ ಬಾಚಣಿಗೆ ಜೆಲ್ಲಿ ಬಂದದ್ದು ಹಡಗುಗಳು ಸಮತೋಲಕ್ಕೆ ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನಲ್ಲಿ. ಅದನ್ನೇ ತಿನ್ನುವ ಬೆರೋಯಿ ಎಂಬ ಇನ್ನೊಂದು ಬಾಚಣಿಗೆ ಜೆಲ್ಲಿ 1997ರಲ್ಲಿ ಬಂದ ಮೇಲೆ ನೆಮಿಯಾಪ್ಸಿಸ್ ಸಂಖ್ಯೆ ಕುಸಿಯಿತು. 2013ರ ಒಂದು ಜಾಗತಿಕ ವಿಶ್ಲೇಷಣೆ ಜೆಲ್ಲಿ ಮೀನುಗಳು ಸುಮಾರು 20 ವರ್ಷಗಳ ಲಯದಲ್ಲಿ ಏರಿಳಿಯುತ್ತವೆ ಎಂದು ತೋರಿಸಿತು. ‘ಹೈಸ್ಕೂಲ್ ಮಕ್ಕಳಿಗೆ ಇಷ್ಟೆಲ್ಲ ಯಾಕೆ’ ಎನ್ನುವವರಿಗೆ ನನ್ನ ಉತ್ತರ ಒಂದೇ. ನೀರಾವರಿ, ಬೋರ್‌ವೆಲ್, ಫ್ಲೋರೈಡ್ ಅಂತ ನೀರಿನ ಸೂಕ್ಷ್ಮವನ್ನು ದಿನಾ ಕೇಳಿ ಬೆಳೆಯುವ ಮಕ್ಕಳು ಇವರು. ಇವರಿಗೆ ಅರ್ಥವಾಗುತ್ತದೆ.

ಡಿಸೆಂಬರ್‌ನಲ್ಲಿ ಗೋಕರ್ಣ, ಮುರುಡೇಶ್ವರ, ಮಲ್ಪೆ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳೇ, ಮೇಡಮ್ಮುಗಳೇ, ಇದನ್ನಾದರೂ ನೆನಪಿಡಿ. ದಡದಲ್ಲಿ ಸತ್ತು ಬಿದ್ದದ್ದನ್ನೂ ಮುಟ್ಟಲು ಬಿಡಬೇಡಿ, ಕುಟುಕುವ ಕೋಶಗಳು ಆಗಲೂ ಸಿಡಿಯುತ್ತವೆ. ಕುಟುಕಿದರೆ ಉಜ್ಜಬೇಡಿ, ಬಾಟಲಿಯ ಕುಡಿಯುವ ನೀರು ಹಾಕಬೇಡಿ. ಉಪ್ಪು ಕಡಿಮೆಯಾದ ಕೂಡಲೇ ಉಳಿದ ಕೋಶಗಳೂ ಸಿಡಿಯಬಹುದು. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಲ್ಲಿ ತೆಗೆಯಿರಿ. ಬ್ಲೂ ಬಾಟಲ್ ಆಗಿದ್ದರೆ ಸುಡದಷ್ಟು ಬಿಸಿಯ, ಅಂದರೆ ಸುಮಾರು 45 ಡಿಗ್ರಿ ನೀರಿನಲ್ಲಿ 20 ನಿಮಿಷ ಅದ್ದಿಡಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ಇದ್ಯಾವುದಕ್ಕೂ ಕಾಯದೆ ನೇರ ಆಸ್ಪತ್ರೆಗೆ ಹೊರಡಿ.