ಫ್ರೀಮೇಸನ್ನರ ಬಗೆಗಿನ ಶಂಕೆಯಲ್ಲಿ ಹುರುಳೆಷ್ಟು?
ದೀಕ್ಷೆ ಪಡೆದು ಸೇರುವ ಸೋದರ ಸಂಘಟನೆಯೊಂದರ ಸದಸ್ಯರಾದ ಫ್ರೀಮೇಸನ್ನರು ತೆರೆಮರೆಯಲ್ಲಿ ಸರ್ಕಾರಗಳನ್ನೇ ಆಡಿಸುತ್ತಾರೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ಒಪ್ಪಲಾರೆ. 1717ರಲ್ಲಿ ಲಂಡನ್ನಿನಲ್ಲಿ ಅವರ ಲಾಡ್ಜ್‌ಗಳ, ಅಂದರೆ ಸ್ಥಳೀಯ ಘಟಕಗಳ, ಒಕ್ಕೂಟವಾಗಿ ಮೊದಲ ಗ್ರ್ಯಾಂಡ್ ಲಾಡ್ಜ್ ರೂಪುಗೊಂಡಿತು. 1723ರಲ್ಲಿ ಅದರ ನಿಯಮಾವಳಿ ಅಚ್ಚಾಯಿತು, 1730ರ ಹೊತ್ತಿಗೆ ದೀಕ್ಷಾವಿಧಿಗಳೂ ಪುಸ್ತಕರೂಪದಲ್ಲಿ ಬಯಲಾಗಿದ್ದವು; ಅಂದರೆ ಅವರ ಗುಟ್ಟುಗಳು ಆಗಲೇ ಗುಟ್ಟಾಗಿ ಉಳಿದಿರಲಿಲ್ಲ. ಇವರು ಸೈತಾನನ ಆರಾಧಕರೆಂದು ವರ್ಷಗಟ್ಟಲೆ ಬರೆದು ನಂಬಿಸಿದ್ದ ಫ್ರಾನ್ಸಿನ ಲಿಯೋ ಟಾಕ್ಸಿಲ್, 1897ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಭೌಗೋಳಿಕ ಸಂಘದ ಸಭಾಂಗಣದಲ್ಲಿ ಕಿಕ್ಕಿರಿದ ಜನರೆದುರು ನಿಂತು, ಅದೆಲ್ಲವೂ ತಾನೇ ಹೆಣೆದ ಕಟ್ಟುಕಥೆಯೆಂದು ಒಪ್ಪಿಕೊಂಡ. ಆದರೂ ಅವೇ ಕಥೆಗಳು ಇಂದಿಗೂ ಹರಿದಾಡುತ್ತಿರುವುದು ನಿಜಕ್ಕೂ ಬೇಸರದ ಸಂಗತಿ. ಹಾಗೆಂದು ಶಂಕೆಯೆಲ್ಲವೂ ಆಧಾರರಹಿತವಲ್ಲ. ಇಟಲಿಯಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಪಿ-2 ಎಂಬ ಲಾಡ್ಜ್‌ನ ಸದಸ್ಯರ ಪಟ್ಟಿ 1981ರಲ್ಲಿ ತನಿಖಾಧಿಕಾರಿಗಳ ಕೈಗೆ ಸಿಕ್ಕಾಗ ಅದರಲ್ಲಿ ಸಚಿವರು, ಸೇನಾಧಿಕಾರಿಗಳು, ಗುಪ್ತಚರ ಸಂಸ್ಥೆಗಳ ಮುಖ್ಯಸ್ಥರ ಹೆಸರುಗಳಿದ್ದವು, ಸರ್ಕಾರವೇ ಉರುಳಿತು. ನ್ಯಾಯಾಧೀಶರೂ ಪೊಲೀಸ್ ಅಧಿಕಾರಿಗಳೂ ಇಂಥ ಸದಸ್ಯತ್ವವನ್ನು ಬಹಿರಂಗಪಡಿಸಬೇಕೆಂಬ ಬೇಡಿಕೆಯನ್ನು ನಾನು ಬೆಂಬಲಿಸುವುದು ಈ ಕಾರಣಕ್ಕೇ.