ಸೊನ್ನೆಯಿಂದ ಶುರುವಾಗದ ಗೆರೆ

ವೈ = ಎಂಎಕ್ಸ್ + ಸಿ. ನೇರ ಗೆರೆಯ ಈ ಸೂತ್ರದಲ್ಲಿ ಮೆರೆಯುವುದೆಲ್ಲ ಎಂ. ಗೆರೆ ಎಷ್ಟು ಕಡಿದಾಗಿ ಏರುತ್ತದೆ ಅಂತ ಹೇಳುವುದು ಅದೇ ತಾನೆ? ಬಾಲದಲ್ಲಿ ನಿಂತ ಸಿ ಯಾರಿಗೂ ಬೇಡ. ಎಕ್ಸ್ ಸೊನ್ನೆ ಇದ್ದಾಗ ವೈ ಎಷ್ಟು, ಗೆರೆ ವೈ ಅಕ್ಷವನ್ನು ಎಲ್ಲಿ ದಾಟುತ್ತದೆ, ಅಷ್ಟೇ ಅದರ ಸಮಾಚಾರ. ಇಷ್ಟು ಸಾಧು ಸಿ ನಮ್ಮ ಬಚ್ಚಲನ್ನು ಕೆರೆ ಮಾಡಿತು.

ಮಗಳಿಗೆ ನಕ್ಷೆ ಬಿಡಿಸುವ ಹೋಂವರ್ಕ್ ಇತ್ತು. ಡ್ರಮ್ಮಿಗೆ ನಲ್ಲಿ ಬಿಟ್ಟು, ನಿಮಿಷಕ್ಕೊಮ್ಮೆ ನೀರಿನ ಎತ್ತರ ಅಳೆಯಬೇಕು. (ಬಕೆಟ್ ನಡೆಯುವುದಿಲ್ಲ. ಅದರ ಬುಡ ಸಣ್ಣದು, ಬಾಯಿ ಅಗಲ. ಗೆರೆ ಬಾಗಿಬಿಡುತ್ತದೆ.) ಅವಳು ಗುರುತು ಹಾಕುತ್ತಾ ಹೋದಳು. ಐದು ನಿಮಿಷಕ್ಕೆ ನೀರು 10 ಸೆಂಟಿಮೀಟರ್ ಏರಿತ್ತು.

"ಅಪ್ಪಾ, ನನ್ನ ಗೆರೆ ಸೊನ್ನೆಯಿಂದ ಶುರು ಆಗ್ತಿಲ್ಲ. 6ರಿಂದ ಹೊರಟಿದೆ."

"ಗೆರೆ ಅಂದ್ಮೇಲೆ ಮೂಲಬಿಂದುವಿನಿಂದಲೇ ಹೊರಡಬೇಕು ಪುಟ್ಟಾ," ಅಂದರು ನಮ್ಮ ಮನೆಯವರು. ರಬ್ಬರ್ ತೆಗೆದುಕೊಂಡು ಅದನ್ನು ಕೆಳಗೆ ಎಳೆದೂ ಬಿಟ್ಟರು.

"ಹಾಗಾದ್ರೆ ಸೆಲ್ಸಿಯಸ್ ಸೊನ್ನೆ ಇದ್ದಾಗ ಫ್ಯಾರನ್‌ಹೀಟ್ ಯಾಕೆ 32 ಇರುತ್ತೆ?"

"ಅದು ಹವಾಮಾನ. ಇದು ನೀರು."

ಡ್ರಮ್ಮಿನ ಎತ್ತರ 60 ಸೆಂಟಿಮೀಟರ್. ನಿಮಿಷಕ್ಕೆ 2ರಂತೆ ಏರಿದರೆ ತುಂಬಲು ಅರ್ಧ ಗಂಟೆ. ಇವರು ಮೊಬೈಲಿನಲ್ಲಿ ಅಲಾರಾಂ ಇಟ್ಟು ಸೋಫಾ ಸೇರಿದರು. ತಳದಲ್ಲಿ ರಾತ್ರಿ ಉಳಿದಿದ್ದ 6 ಸೆಂಟಿಮೀಟರ್ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಪ್ಪತ್ತೇಳನೇ ನಿಮಿಷಕ್ಕೆ ಡ್ರಮ್ ತುಂಬಿತು. ಅಲಾರಾಂ ಹೊಡೆಯುವಷ್ಟರಲ್ಲಿ ನೀರು ಹೊಸ್ತಿಲು ದಾಟಿ, ಕಾಲೊರೆಸುವ ಮ್ಯಾಟನ್ನೂ ನೆನೆಸಿ, ಹಾಲಿಗೇ ಬಂದಿತ್ತು.

ಸೋಲುವ ಜಾಯಮಾನ ಇವರದಲ್ಲ. ಮಗಳ ಹಳೇ ಗೆರೆಯನ್ನೇ ಮತ್ತೆ ಬರೆದರು. ಅಳತೆಪಟ್ಟಿ ಇಟ್ಟು ಅದನ್ನು ಹಿಂದಕ್ಕೆ ಬೆಳೆಸಿದರು. ಅದು ಎಕ್ಸ್ ಅಕ್ಷವನ್ನು ಮೈನಸ್ 3ರಲ್ಲಿ ಮುಟ್ಟಿತು.

"ನೋಡು! ನಾವು ಶುರು ಮಾಡೋ ಮೂರು ನಿಮಿಷ ಮುಂಚೆಯೇ ಯಾರೋ ನಲ್ಲಿ ಬಿಟ್ಟಿದ್ದಾರೆ," ಅಂತ ನನ್ನ ಕಡೆ ತಿರುಗಿದರು. ಲೆಕ್ಕ ಚೊಕ್ಕವಾಗಿತ್ತು. ಆರೋಪ ಮಾತ್ರ ಶುದ್ಧ ಸುಳ್ಳು.

ಮಗಳು ಸುಮ್ನೆ ಅಳತೆಪಟ್ಟಿ ಕಿತ್ತುಕೊಂಡು ಗೆರೆಯನ್ನು ಇನ್ನೂ ಹಿಂದಕ್ಕೆ ಎಳೆದಳು.

"ಹತ್ತು ನಿಮಿಷ ಮುಂಚೆ ಡ್ರಮ್ಮಲ್ಲಿ ಮೈನಸ್ 14 ಸೆಂಟಿಮೀಟರ್ ನೀರಿತ್ತಾ ಅಪ್ಪಾ?"

ಇವರು ನೆಲ ಒರೆಸುವ ಬಟ್ಟೆ ಎಲ್ಲಿದೆ ಅಂತ ಕೇಳಿದರು.